ಮಳೆಗಾಲದಲ್ಲಿ ನಮ್ಮ ಕಡಲಿಗೆ ಬರುವವರು

(ಮುಂಬೈಯ ಮಾಟುಂಗಾದಲ್ಲಿ ಕನ್ನಡ ಸಂಘವೊಂದರ ತಿಂಗಳ ಕೂಟದಲ್ಲಿ ಕಡಲಹಕ್ಕಿಗಳ ವಲಸೆಯ ಬಗ್ಗೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹರಟೆಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಪಕ್ಷಿತಜ್ಞೆ ಅಂದರು. ಅದನ್ನು ಮೊದಲೇ ಸರಿಮಾಡಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ ಲೆಜರ್ ಬರೆದು ನಿವೃತ್ತಳಾದವಳು. ಹಕ್ಕಿ ನೋಡುವುದು ನನಗೆ ಹಿಡಿದ ಹುಚ್ಚು, ಅಷ್ಟೇ. ಇನ್ನೊಂದು ವಿಷಯ. ನಾನು ತಂದ ಚಿತ್ರಗಳೆಲ್ಲ ಪೆನ್‌ಡ್ರೈವ್‌ನಲ್ಲಿವೆ, ಪ್ರೊಜೆಕ್ಟರ್ ಅದನ್ನು ಒಪ್ಪುತ್ತಿಲ್ಲ. ಹಾಗಾಗಿ ಇವತ್ತು ಈ ಮೇಜೇ ಅಟ್ಲಾಂಟಿಕ್ ಸಾಗರ. ಆ ತುದಿಯ ನೀರಿನ ಬಾಟಲಿ ಗ್ರೀನ್‌ಲ್ಯಾಂಡ್. ಈ ತುದಿಯ ಹೂವಿನ ಹಾರ ಅಂಟಾರ್ಕ್ಟಿಕಾ. ಮೈಕ್ ಇರುವ ಬದಿ ಆಫ್ರಿಕಾ, ಅಧ್ಯಕ್ಷರು ಕೂತ ಬದಿ ಬ್ರೆಜಿಲ್.

ಚಳಿಗಾಲದಲ್ಲಿ ಎಲಿಫೆಂಟಾ ಬೋಟ್ ಹತ್ತಿದವರಿಗೆ ಗೊತ್ತಿರುತ್ತದೆ. ಗೇಟ್‌ವೇ ಬಿಡುತ್ತಿದ್ದ ಹಾಗೇ ಬಿಳಿ ಹಕ್ಕಿಗಳ ದಂಡು ಬೋಟಿನ ಬೆನ್ನು ಹತ್ತುತ್ತದೆ. ಜನ ಗಾಠಿಯಾ, ಅಂದರೆ ಕಡಲೆಹಿಟ್ಟಿನ ಕರಿದ ತಿಂಡಿ, ಎಸೆಯುತ್ತಾರೆ. ಅವು ಗಾಳಿಯಲ್ಲೇ ಹಿಡಿಯುತ್ತವೆ. ನಾವೆಲ್ಲ ಸೀಗಲ್ ಅನ್ನುತ್ತೇವೆ. ಕುಂದಾಪುರದಲ್ಲಿ ನನ್ನ ಅಜ್ಜಿ ಕಡಲ ಕಾಗೆ ಅನ್ನುತ್ತಿದ್ದಳು. ಇವುಗಳಲ್ಲಿ ಕಂದುತಲೆಯ ಗಲ್ ಅನ್ನುವ ಒಂದು ಜಾತಿ ಇದೆ. ಅದು ಮೊಟ್ಟೆ ಇಡುವುದು ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ. ಲಡಾಖಿನ ತ್ಸೊ ಮೊರಿರಿ ಸರೋವರ ಇರುವುದು 4,500 ಮೀಟರ್ ಎತ್ತರದಲ್ಲಿ. ಅಂದರೆ ನಮ್ಮ ಸೀಗಲ್ ಹುಟ್ಟಿದ್ದು ಸೀ ಹತ್ತಿರ ಅಲ್ಲವೇ ಅಲ್ಲ, ಹಿಮಾಲಯದ ಆಚೆ! ಬೆಟ್ಟ ಹಿಮ ಹಿಡಿದಾಗ ಇಳಿದು ಬರುತ್ತದೆ, ಏಪ್ರಿಲ್ ಹೊತ್ತಿಗೆ ಮೇಲೆ ಹೋಗುತ್ತದೆ. ಗಾಠಿಯಾ ಮಾತ್ರ ಹಾಕಬೇಡಿ. ಉಪ್ಪು, ಕರಿದ ಎಣ್ಣೆ ನಮಗೇ ಬೇಡ ಅಂತ ಡಾಕ್ಟರು ಹೇಳಿದ್ದಾರೆ ಅಲ್ವಾ?

ಆದರೆ ಇವು ದಡದ ಹಕ್ಕಿಗಳು. ಇವತ್ತು ನಾನು ಹೇಳಹೊರಟದ್ದು ದಡದ ಹಂಗೇ ಬೇಡದವುಗಳ ಬಗ್ಗೆ.

ಮೊದಲು ಲೆಕ್ಕಕ್ಕೆ ಬರುತ್ತೇನೆ. ಲೆಜರ್ ಬರೆದವಳಿಗೆ ಅಂಕಿ ಸಿಕ್ಕರೆ ಬಿಡಲಾಗುವುದಿಲ್ಲ.

ಆರ್ಕ್ಟಿಕ್ ಟರ್ನ್ ಅಂತ ಒಂದು ಹಕ್ಕಿ. ಟರ್ನ್‌ಗೆ ಕನ್ನಡದಲ್ಲಿ ರೀವ ಅನ್ನುವ ಚೆಂದದ ಹೆಸರಿದೆ. ನಮ್ಮ ಹೊಳೆಗಳ ಮೇಲೆ ಹಾರುವ ಹೊಳೆ ರೀವದ ನೆಂಟ ಇದು. ತೂಕ ನೂರು ಗ್ರಾಂ ಚಿಲ್ಲರೆ, ಒಂದು ಸೋಪಿನ ಬಿಲ್ಲೆಯಷ್ಟು. ಉತ್ತರ ಧ್ರುವದ ಬಳಿ ಮರಿ ಮಾಡುತ್ತದೆ. ಅಲ್ಲಿ ಚಳಿ ಶುರುವಾಗುವಾಗ ದಕ್ಷಿಣ ಧ್ರುವದ ಬೇಸಿಗೆಗೆ ಹೋಗುತ್ತದೆ. ಎರಡೂ ಕಡೆ ಬೇಸಿಗೆಯೇ ಸಿಗುವುದರಿಂದ ಇದರಷ್ಟು ಹಗಲು ಕಂಡ ಜೀವಿ ಇನ್ನೊಂದಿಲ್ಲ ಅನ್ನುತ್ತಾರೆ.

ಇದು ಅಷ್ಟು ದೂರ ಹೋಗುತ್ತದೆ ಅಂತ ಮೊದಲು ಗೊತ್ತಾದದ್ದು ಕಾಲಿಗೆ ತೊಡಿಸಿದ ಉಂಗುರಗಳಿಂದ. ಹಕ್ಕಿ ಹಿಡಿದು, ನಂಬರ್ ಇರುವ ಉಂಗುರ ಹಾಕಿ ಬಿಡುವುದು. ಯಾರಿಗಾದರೂ ಸಿಕ್ಕರೆ ತಿಳಿಸುತ್ತಾರೆ. ಈ ಕೆಲಸದಲ್ಲಿ ನಮ್ಮ ಊರಿನದೂ ದೊಡ್ಡ ಪಾಲಿದೆ. ಫೋರ್ಟ್‌ನ ಲಯನ್ ಗೇಟ್ ಎದುರು ಕಚೇರಿ ಇರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1883ರಲ್ಲಿ ಹುಟ್ಟಿದ್ದು. ಅವರು ಹಾಕುವ ಉಂಗುರದಲ್ಲಿ ‘ಬಾಂಬೆಗೆ ತಿಳಿಸಿ’ ಅನ್ನುವ ಅರ್ಥದ ಇಂಗ್ಲಿಷ್ ಮಾತು ಕೊರೆದಿರುತ್ತದೆ. ನಗರದ ಹೆಸರು ಬದಲಾಯಿತು. ಆದರೂ ಹಕ್ಕಿಯ ಕಾಲಿನಲ್ಲಿ ಬಾಂಬೆ ಉಳಿದುಕೊಂಡಿದೆ, ನಮ್ಮ ಹೈಕೋರ್ಟಿನ ಹಾಗೆ.

1982ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ ಒಂದು ರೀವದ ಮರಿಗೆ ಉಂಗುರ ಹಾಕಿದರು. ಆಗ ಅದಕ್ಕಿನ್ನೂ ಹಾರಲು ಬರುತ್ತಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಅದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಿಕ್ಕಿತು. ಸಮುದ್ರದ ದಾರಿಯಲ್ಲಿ 22,000 ಕಿ.ಮೀ. ಮೇಲೆ. ರೆಕ್ಕೆ ಬಲಿತ ಮೂರು ತಿಂಗಳಲ್ಲಿ!

ಆದರೆ ಉಂಗುರ ಅಂದರೆ ರೈಲಿನ ಟಿಕೆಟ್ ಇದ್ದ ಹಾಗೆ. ಹತ್ತಿದ ಸ್ಟೇಷನ್, ಇಳಿದ ಸ್ಟೇಷನ್ ಎರಡೇ ಅದರಲ್ಲಿ ಇರುತ್ತವೆ. ನಡುವೆ ಎಲ್ಲಿ ವಡೆ ತಿಂದಿರಿ, ಎಲ್ಲಿ ಚಾ ಕುಡಿದಿರಿ, ಅದು ಗೊತ್ತಾಗುವುದಿಲ್ಲ. ಅದಕ್ಕೆ ಜಿಯೋಲೊಕೇಟರ್ ಅನ್ನುವ, ಹಕ್ಕಿಗೆ ಕಟ್ಟುವ ಪುಟ್ಟ ಯಂತ್ರ ಬೇಕಾಯಿತು. ತೂಕ ಬರೀ 1.4 ಗ್ರಾಂ. ಅದಕ್ಕೆ ಉಪಗ್ರಹ ಗಿಪಗ್ರಹ ಏನೂ ಬೇಡ. ಬೆಳಕು ಎಷ್ಟಿದೆ, ಗಂಟೆ ಎಷ್ಟು, ಇದನ್ನು ಬರೆದಿಟ್ಟುಕೊಳ್ಳುವುದೇ ಅದರ ಕೆಲಸ. ನನ್ನ ಹಳೆಯ ಕೆಲಸದ ಹಾಗೇ.

ಬೆಳಕಿನಿಂದ ಜಾಗ ಹೇಗೆ ಗೊತ್ತಾಗುತ್ತದೆ? ಇಲ್ಲಿ ಹಿರಿಯರು ಕೆಲವರು ಬಾಂಬೆ ಟೈಮ್ ಅಂತ ಕೇಳಿರಬಹುದು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಈ ಊರಿನಲ್ಲಿ ಗಡಿಯಾರಗಳು ಭಾರತದ ಸಮಯಕ್ಕಿಂತ 39 ನಿಮಿಷ ಹಿಂದೆ ನಡೆಯುತ್ತಿದ್ದವು. ಅದು ಸುಮ್ನೆ ಹಟಕ್ಕೆ ಮಾಡಿದ್ದಲ್ಲ. ಇಲ್ಲಿ ಸೂರ್ಯ ನೆತ್ತಿಗೆ ಬರುವುದೇ ಹನ್ನೆರಡೂವರೆ ಸುಮಾರಿಗೆ. ಕೋಲ್ಕತ್ತಾದಲ್ಲಿ ಹನ್ನೆರಡಕ್ಕೆ ಮೊದಲೇ ಬಂದುಬಿಡುತ್ತಾನೆ. ಅಂದರೆ ನಡುಹಗಲು ಎಷ್ಟು ಗಂಟೆಗೆ ಆಯಿತು ಅಂತ ತಿಳಿದರೆ ನೀವು ಪೂರ್ವಕ್ಕಿದ್ದೀರೋ ಪಶ್ಚಿಮಕ್ಕಿದ್ದೀರೋ ಹೇಳಬಹುದು. ಹಗಲು ಎಷ್ಟು ಉದ್ದ ಅಂತ ತಿಳಿದರೆ ಉತ್ತರವೋ ದಕ್ಷಿಣವೋ ಹೇಳಬಹುದು. ಲೆಕ್ಕ ನೂರಾರು ಕಿ.ಮೀ. ಆಚೀಚೆ ಆಗುತ್ತದೆ. ಹಗಲು ರಾತ್ರಿ ಸಮ ಇರುವ ಮಾರ್ಚ್, ಸೆಪ್ಟೆಂಬರಿನಲ್ಲಿ ಉತ್ತರ ದಕ್ಷಿಣದ ಲೆಕ್ಕ ಪೂರಾ ಕೈಕೊಡುತ್ತದೆ, ಏಕೆಂದರೆ ಆಗ ಎಲ್ಲ ಕಡೆಯೂ ಹಗಲು ಒಂದೇ ಉದ್ದ. ಆದರೂ ಸಾಗರದ ಮಟ್ಟಿಗೆ ಸಾಕು. ಒಂದೇ ತೊಂದರೆ, ಯಂತ್ರ ಬರೆದದ್ದನ್ನು ಓದಬೇಕಾದರೆ ಮುಂದಿನ ವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿಯಬೇಕು. ಅದು ಅದೇ ಜಾಗಕ್ಕೆ ಗೂಡಿಗೆ ಬರುತ್ತದೆ ಅನ್ನುವ ನಂಬಿಕೆಯ ಮೇಲೇ ಇಡೀ ಕೆಲಸ ನಿಂತಿದೆ.

ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡಿನ 11 ರೀವಗಳ ಲೆಕ್ಕ 2010ರಲ್ಲಿ ಹೊರಬಂತು. ವರ್ಷಕ್ಕೆ ಸರಾಸರಿ 70,900 ಕಿ.ಮೀ. ಮೇಜು ನೋಡಿ. ಬಾಟಲಿಯಿಂದ ಹೊರಟು ಇಲ್ಲಿ, ಉತ್ತರ ಅಟ್ಲಾಂಟಿಕ್ ನಡುವೆ, ಸುಮಾರು ಒಂದು ತಿಂಗಳು ತಿಂದು ಕೊಬ್ಬುತ್ತವೆ. ಆಮೇಲೆ ಆಫ್ರಿಕಾದ ಪಕ್ಕ ಕೇಪ್ ವರ್ಡ್ ತನಕ ಒಟ್ಟಿಗೆ. ಅಲ್ಲಿ ಎರಡು ಪಾಲಾಗುತ್ತವೆ. ಕೆಲವು ಮೈಕ್ ಪಕ್ಕದಲ್ಲೇ ಇಳಿಯುತ್ತವೆ. ಕೆಲವು ಸಾಗರ ದಾಟಿ ಅಧ್ಯಕ್ಷರ ಕಡೆ ಹೋಗಿ ಬ್ರೆಜಿಲ್ ಕರಾವಳಿ ಹಿಡಿಯುತ್ತವೆ. ಕೊನೆಗೆ ಎಲ್ಲವೂ ಹೂವಿನ ಹಾರಕ್ಕೆ. ವಾಪಸ್ ಬರುವಾಗ ನೆಟ್ಟಗೆ ಬರುವುದಿಲ್ಲ. ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ತಿರುಗಿ ತಿರುಗಿ ಬರುತ್ತವೆ. ದಾರಿ ದೂರವಾದರೂ ಗಾಳಿ ಬೆನ್ನಿಗಿರುತ್ತದೆ. ದಾದರ್‌ನಲ್ಲಿ ಸೇತುವೆ ಹತ್ತಿ ಇಳಿದು ಫಾಸ್ಟ್ ಲೋಕಲ್ ರೈಲು ಹಿಡಿಯುವವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಈ ಹಕ್ಕಿ ಮೂವತ್ತು ವರ್ಷ ಬದುಕಬಲ್ಲದು. ಗುಣಿಸಿ ನೋಡಿ. ಚಂದ್ರನಿಗೆ ಹೋಗಿ ಬರುವುದು, ಹತ್ತಿರ ಹತ್ತಿರ ಮೂರು ಸಲ. ಆಮೇಲೆ ಫಾರ್ನ್ ದ್ವೀಪದ ಒಂದು ರೀವ ವರ್ಷಕ್ಕೆ 96,000 ಕಿ.ಮೀ. ಹಾರಿದ್ದೂ ದಾಖಲಾಯಿತು. ಅಂಕಿ ಇಲ್ಲಿಗೆ ಸಾಕು. ನನಗೂ ತಲೆ ತಿರುಗುತ್ತದೆ.

ದೂರಕ್ಕಿಂತ ನನ್ನನ್ನು ಕಾಡುವುದು ದಾರಿಯ ಪ್ರಶ್ನೆ. ನೀರಿನ ಮೇಲೆ ಗುರುತು ಏನಿದೆ? ಮರ ಇಲ್ಲ, ಗುಡ್ಡ ಇಲ್ಲ.

1952ರ ಒಂದು ಕಥೆ ಇದೆ, ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗುವುದಿಲ್ಲ. ವೇಲ್ಸ್ ಬಳಿ ಸ್ಕೊಕ್‌ಹೋಮ್ ಅಂತ ಸಣ್ಣ ದ್ವೀಪ. ಅಲ್ಲಿ ಮ್ಯಾಂಕ್ಸ್ ಶಿಯರ್‌ವಾಟರ್ ಅನ್ನುವ ಹಕ್ಕಿ ನೆಲದಲ್ಲಿ ಬಿಲ ಮಾಡಿ ಮೊಟ್ಟೆ ಇಡುತ್ತದೆ. ಅದನ್ನು ಬಿಲದಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟು ಅಮೆರಿಕಕ್ಕೆ ಕಳಿಸಿದರು. ವಿಮಾನದಲ್ಲಿ ತೆಗೆದುಕೊಂಡು ಹೋದವರು ಬಾಸ್ಟನ್ನಿನ ಸಿಂಫನಿ ವಾದ್ಯವೃಂದದ ಒಬ್ಬ ಕ್ಲಾರಿನೆಟ್ ವಾದಕರು. ಬಾಸ್ಟನ್ನಿನ ಸಮುದ್ರದಂಚಿನಲ್ಲಿ ಬಿಟ್ಟರು. ಬಿಟ್ಟೆ ಅಂತ ತಿಳಿಸಲು ಕಾಗದ ಬರೆದು ಅಂಚೆಗೆ ಹಾಕಿದರು. ಹನ್ನೆರಡೂವರೆ ದಿನಕ್ಕೆ ಹಕ್ಕಿ ತನ್ನ ಬಿಲದಲ್ಲಿತ್ತು. ಸುಮಾರು 5,000 ಕಿ.ಮೀ. ಅಟ್ಲಾಂಟಿಕ್ ದಾಟಿ. ದ್ವೀಪದವರಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಅದನ್ನು ಬಿಟ್ಟದ್ದು ಎಲ್ಲಿ, ಯಾವಾಗ ಅಂತ ಹೇಳುವ ಕಾಗದ ಇನ್ನೂ ಬಂದೇ ಇರಲಿಲ್ಲ!

ಇದರಲ್ಲಿ ನಾವು ಗಮನಿಸಬೇಕಾದದ್ದು, ಹೋಗುವಾಗ ಅದು ಪೆಟ್ಟಿಗೆಯೊಳಗಿತ್ತು. ದಾರಿ ನೋಡಿರಲಿಲ್ಲ. ಹಾಗಾದರೆ ಹೇಗೆ? ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿ ಎಲ್ಲದರ ಹೆಸರೂ ಕೇಳುತ್ತೇವೆ. ಆದರೆ ಕಡಲಹಕ್ಕಿಗಳ ವಿಷಯದಲ್ಲಿ ಎದ್ದು ಕಾಣುವುದು ಮೂಗು. ಇದೇ ಬಳಗದ ಕೋರಿ ಶಿಯರ್‌ವಾಟರ್‌ಗಳನ್ನು ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳಿಂದ 800 ಕಿ.ಮೀ. ದೂರ ಒಯ್ದು ಬಿಟ್ಟ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಕೆಲವಕ್ಕೆ ತಲೆಯ ಮೇಲೆ ಅಯಸ್ಕಾಂತ ಅಂಟಿಸಿ ಕಾಂತದ ಸುಳಿವು ಕೆಡಿಸಿದ್ದರು. ಕೆಲವಕ್ಕೆ ವಾಸನೆ ತಿಳಿಯದಂತೆ ಮಾಡಿದ್ದರು. ಅಯಸ್ಕಾಂತದವು ಆರಾಮಾಗಿ ಮನೆಗೆ ಬಂದವು. ಮೂಗು ಕಟ್ಟಿದವು ಸಾಗರದಲ್ಲಿ ದಿಕ್ಕು ತಪ್ಪಿ ಅಲೆದವು.

ನಮಗೆ ಸಮುದ್ರ ಎಲ್ಲ ಕಡೆ ಒಂದೇ ವಾಸನೆ. ಅವಕ್ಕೆ ಹಾಗಲ್ಲ. ನೀರಿನ ಸೂಕ್ಷ್ಮ ಪಾಚಿಯನ್ನು ಕ್ರಿಲ್‌ನಂಥ ಸಣ್ಣ ಜೀವಿಗಳು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಅನ್ನುವ ಅನಿಲ ಏಳುತ್ತದೆ. ಅದರ ಜಾಡು ಹಿಡಿದು ಶಿಯರ್‌ವಾಟರ್‌ನ ನೆಂಟರಾದ ಪೆಟ್ರೆಲ್ ಬಳಗದ ಹಕ್ಕಿಗಳು ಬರುತ್ತವೆ ಅಂತ 1990ರ ದಶಕದಲ್ಲಿ ಗೇಬ್ರಿಯೆಲ್ ನೆವಿಟ್ ಅನ್ನುವ ವಿಜ್ಞಾನಿ ತೋರಿಸಿದರು. ಚಾಳಿನಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಳಗಿನ ಮನೆಯಲ್ಲಿ ಬೂತಾಯಿ ಗಸಿ ಕುದಿಯುತ್ತಿದ್ದರೆ ಮೂರನೇ ಮಹಡಿಯಲ್ಲಿ ಬೋರ್ಡ್ ಬೇಕಾ? ಆದರೆ ಇದೇ ಮೂಗು ಈಗ ಅವಕ್ಕೆ ಮೋಸ ಮಾಡುತ್ತಿದೆ. ಸಮುದ್ರದಲ್ಲಿ ಕೆಲವು ವಾರ ತೇಲಿ ಪಾಚಿ ಹಿಡಿದ ಪ್ಲಾಸ್ಟಿಕ್ಕಿಗೂ ಅದೇ ವಾಸನೆ ಬರುತ್ತದೆ. ವರ್ಸೋವಾ ದಂಡೆಯಲ್ಲಿ ಬಿದ್ದಿರುವ ಚೀಲಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತದೆ.

ಇನ್ನು ನಿದ್ದೆ. ಫ್ರಿಗೇಟ್ ಹಕ್ಕಿ ಅಂತ ಇದೆ, ಅದರ ಗರಿ ನೀರು ತಡೆಯುವುದಿಲ್ಲ. ಅಂದರೆ ಕಡಲಹಕ್ಕಿಯಾಗಿಯೂ ಕಡಲ ಮೇಲೆ ಕೂರುವಂತಿಲ್ಲ, ಎಂಥ ಪಾಡು ನೋಡಿ. ಆಫ್ರಿಕಾ ಮತ್ತು ಮಡಗಾಸ್ಕರ್ ನಡುವಿನ ಯುರೋಪಾ ದ್ವೀಪದ ಫ್ರಿಗೇಟ್ ಹಕ್ಕಿಗಳು ಎರಡು ತಿಂಗಳವರೆಗೆ ಗಾಳಿಯಲ್ಲೇ ಇದ್ದದ್ದು 2016ರಲ್ಲಿ ತಿಳಿಯಿತು. ಅದೇ ವರ್ಷ ಗಲಾಪಗೋಸ್‌ನಲ್ಲಿ ಇವುಗಳ ತಲೆಗೆ ಯಂತ್ರ ಕಟ್ಟಿ ನೋಡಿದರೆ, ಹಾರುವಾಗ ದಿನಕ್ಕೆ 42 ನಿಮಿಷ ನಿದ್ದೆ. ಅದೂ ಚೂರು ಚೂರಾಗಿ, ಕೆಲವು ಸಲ ಅರ್ಧ ಮಿದುಳು ಮಾತ್ರ ಮಲಗಿ. ವಿರಾರ್ ಫಾಸ್ಟ್‌ನಲ್ಲಿ ನಿಂತೇ ಮಲಗುವವರು ನಗುತ್ತಿದ್ದೀರಿ, ಕಾಣುತ್ತಿದೆ.

ಅಲ್ಬಟ್ರಾಸ್ ಅನ್ನುವ ದೊಡ್ಡ ಕಡಲಹಕ್ಕಿಯ ಬಗ್ಗೆ ಗಂಟೆಗಟ್ಟಲೆ ಹೇಳಬಹುದು, ಇವತ್ತು ಬೇಡ. ಬೂದುತಲೆಯ ಒಂದು ಅಲ್ಬಟ್ರಾಸ್ 46 ದಿನದಲ್ಲಿ ಭೂಮಿಗೆ ಒಂದು ಸುತ್ತು ಹಾಕಿದೆ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ. ಏಕೆಂದರೆ ನಮ್ಮ ಕಡಲಿಗೆ ಬರಬೇಕು.

ಮುಂಬೈಯಲ್ಲಿ ಸಮುದ್ರ ಅಂದರೆ ಭೂಮಿ ಮುಗಿಯುವ ಜಾಗ. ಮರೀನ್ ಡ್ರೈವ್ ಕಟ್ಟೆಯ ಮೇಲೆ ಕೂತು ನಾವು ಕಾಲು ಇಳಿಬಿಡುತ್ತೇವೆ, ಆಚೆ ಏನೂ ಇಲ್ಲ ಅನ್ನುವ ಹಾಗೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಜೂನ್ ಬಂತೆಂದರೆ ಇಲ್ಲೂ, ನಮ್ಮ ಮಲ್ಪೆ ಮಂಗಳೂರಿನಲ್ಲೂ ಯಾಂತ್ರಿಕ ಬೋಟುಗಳಿಗೆ ರಜೆ. ಜೂನ್, ಜುಲೈ ಎರಡು ತಿಂಗಳು ಸಮುದ್ರಕ್ಕೆ ಬೀಗ. ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಬೋಟೂ ಇಲ್ಲ.

ನಾವು ಬೀಗ ಹಾಕುವ ಹೊತ್ತಿಗೇ ಅರಬ್ಬೀ ಸಮುದ್ರದಲ್ಲಿ ಸುಗ್ಗಿ ಶುರುವಾಗುತ್ತದೆ. ನಮಗೆ ಮಳೆ ತರುವ ನೈಋತ್ಯದ ಗಾಳಿ ಸೊಮಾಲಿಯಾ, ಒಮಾನ್ ಕರಾವಳಿಯ ಉದ್ದಕ್ಕೆ ಬಲವಾಗಿ ಬೀಸುತ್ತದೆ. ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತವೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಏಳುತ್ತದೆ. ಅದು ಗೊಬ್ಬರದ ನೀರು. ಪಾಚಿ ಬೆಳೆಯುತ್ತದೆ, ಪಾಚಿಗೆ ಸಣ್ಣ ಜೀವಿಗಳು, ಅವಕ್ಕೆ ಮೀನು. ನಮ್ಮ ಕರಾವಳಿಯಲ್ಲೂ, ಕೇರಳದಿಂದ ಮೇಲಕ್ಕೆ, ಸ್ವಲ್ಪ ಮಟ್ಟಿಗೆ ಹೀಗೆ ನೀರು ಏಳುತ್ತದೆ. ಮಳೆ ಕಳೆದ ಮೇಲೆ ಬೂತಾಯಿ, ಬಂಗುಡೆ ಜಾಸ್ತಿ ಸಿಗುವುದರ ಹಿಂದೆ ಇದೂ ಇದೆ.

ಆಗ ದಕ್ಷಿಣದಲ್ಲಿ ಕಡು ಚಳಿ. ಅಂಟಾರ್ಕ್ಟಿಕಾದಲ್ಲಿ ಕತ್ತಲು, ಕಡಲಿನ ಮೇಲೆ ಹಿಮದ ಹಾಸು. ಅಲ್ಲಿ ಮರಿ ಮಾಡಿ ಮುಗಿಸಿದ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಉತ್ತರಕ್ಕೆ ಹೊರಡುತ್ತದೆ. ಸೊಂಟದ ಹತ್ತಿರ ಬಿಳಿ ಪಟ್ಟೆ ಇರುವ ಕರಿ ಹಕ್ಕಿ. ತೂಕ ಮೂವತ್ತು ನಲವತ್ತು ಗ್ರಾಂ, ನಮ್ಮ ಗುಬ್ಬಿಗಿಂತ ಒಂಚೂರು ಹೆಚ್ಚು. ಇದು ಅಂಟಾರ್ಕ್ಟಿಕಾದಿಂದ ಅರಬ್ಬೀ ಸಮುದ್ರಕ್ಕೆ ಬರುತ್ತದೆ. ಗೋವಾ, ಕಾರವಾರ, ಮಲ್ಪೆ ಎದುರಿನ ಆಳಕಡಲಲ್ಲಿ ಇರುತ್ತದೆ. ಆಸ್ಟ್ರೇಲಿಯಾ ಕಡೆಯ ದ್ವೀಪಗಳಿಂದ ಫ್ಲೆಶ್‌ಫುಟೆಡ್ ಶಿಯರ್‌ವಾಟರ್ ಬರುತ್ತದೆ. ಇದು ದಕ್ಷಿಣದವರ ಪಾಳಿ. ಮಳೆ ಮುಗಿದ ಮೇಲೆ ಉತ್ತರದವರ ಪಾಳಿ. ಸ್ಕ್ಯಾಂಡಿನೇವಿಯಾದಿಂದ ಫಲರೋಪ್ ಅನ್ನುವ ಪುಟ್ಟ ಹಕ್ಕಿ ಬಂದು ಚಳಿಗಾಲವೆಲ್ಲ ಇಲ್ಲಿ ತೇಲುತ್ತದೆ. ಬುಗುರಿಯ ಹಾಗೆ ಗಿರಗಿರ ತಿರುಗಿ ನೀರಿನಡಿಯ ಹುಳು ಮೇಲೆ ಬರುವಂತೆ ಮಾಡಿ ತಿನ್ನುತ್ತದೆ. ಇವುಗಳಲ್ಲಿ ಕಾವು ಕೂರುವುದು, ಮರಿ ನೋಡುವುದು ಎಲ್ಲ ಗಂಡಿನ ಕೆಲಸ. ಗಂಡಸರು ಬರೆದುಕೊಳ್ಳಿ.

ಇವುಗಳ ಊರು ಯಾವುದು ಅಂತ ನನ್ನನ್ನು ಒಬ್ಬರು ಕೇಳಿದರು. ಮೊಟ್ಟೆ ಇಟ್ಟಲ್ಲೋ, ಹೊಟ್ಟೆ ತುಂಬಿದಲ್ಲೋ? ಮಾಟುಂಗಾದಲ್ಲಿ ನಿಂತು ನಾನು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಇಲ್ಲಿ ಅರ್ಧ ಜನ ಜಗಳಕ್ಕೆ ಬರುತ್ತೀರಿ.

ಇಷ್ಟೆಲ್ಲ ನಮ್ಮ ಎದುರೇ ನಡೆದರೂ ನಮಗೆ ಕಾಣದ್ದು ಏಕೆಂದರೆ ನೋಡುವವರು ಆಗ ದಡದಲ್ಲಿರುತ್ತಾರೆ. ಕಾಣುವುದು ಯಾವಾಗ? ಅವು ಸೋತಾಗ. ಜೋರು ಗಾಳಿಗೆ ಸಿಕ್ಕಿ ಕೆಲವು ದಂಡೆಗೆ ಬಂದು ಬೀಳುತ್ತವೆ. ಕೆಲವು ವರ್ಷದ ಹಿಂದೆ ಒಂದು ಜುಲೈ ಬೆಳಗ್ಗೆ ಜುಹೂ ದಂಡೆಯಲ್ಲಿ ನಾನೇ ಒಂದನ್ನು ನೋಡಿದೆ. ಮಾಸ್ಕ್‌ಡ್ ಬೂಬಿ, ಎಳೆಯದು. ಬಾತುಕೋಳಿಗಿಂತ ದೊಡ್ಡದು, ಭರ್ಜಿಯಂಥ ಕೊಕ್ಕು. ಸುತ್ತ ಜನ. ಒಬ್ಬ ಪಾವ್ ಮುರಿದು ಹಾಕುತ್ತಿದ್ದ. ಇನ್ನೊಬ್ಬ ಪುಣ್ಯಾತ್ಮ ಅದನ್ನು ಎತ್ತಿ ತೆರೆಗೆ ಎಸೆದ. ತೆರೆ ತಂದು ಮತ್ತೆ ಹಾಕಿತು. ಮತ್ತೆ ಎಸೆದ. ನಾನು ಕೂಗಾಡಿ ನಿಲ್ಲಿಸಿದೆ, ಹಿಂದಿಯಲ್ಲೋ ಮರಾಠಿಯಲ್ಲೋ ನೆನಪಿಲ್ಲ, ಬಹುಶಃ ಕನ್ನಡದಲ್ಲೇ. ನಿಮಗೆ ಇಂಥದ್ದು ಸಿಕ್ಕರೆ ಸಮುದ್ರಕ್ಕೆ ಎಸೆಯಬೇಡಿ. ಸುಸ್ತಾಗಿಯೇ ಅದು ದಡಕ್ಕೆ ಬಂದದ್ದು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಡಿ. ಬಾಯಿಗೆ ನೀರು ಹೊಯ್ಯಬೇಡಿ. ಅರಣ್ಯ ಇಲಾಖೆಗೋ ಪ್ರಾಣಿರಕ್ಷಣೆಯವರಿಗೋ ಫೋನ್ ಮಾಡಿ. ನಾವು ಅಂದು ಹಾಗೇ ಮಾಡಿದೆವು. ಕಾಪಾಡಲು ಬಂದವರ ಬೆರಳನ್ನು ಅದು ಚೆನ್ನಾಗಿ ಕಚ್ಚಿತು, ನನಗೆ ಖುಷಿಯಾಯಿತು. ಇನ್ನೂ ಜೀವ ಇದೆ ಅಂತ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಆಮೇಲೆ ಪ್ರಶ್ನೆಗಳು. ಶಿವಡಿಯ ರಾಜಹಂಸಗಳ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಒಬ್ಬರು ಆಕ್ಷೇಪಿಸಿದರು. ಅವು ಕೆಸರಿನ ಹಕ್ಕಿಗಳು, ಕಛ್ ಕಡೆಯಿಂದ ಬರುವವು, ಅವಕ್ಕೆ ಬೇರೆಯೇ ಒಂದು ಸಂಜೆ ಬೇಕು ಅಂದೆ.

ಕೊನೆಯ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಮಲ್ಪೆ ಕಡೆಯವರು, ಸಸೂನ್ ಡಾಕ್‌ನಿಂದ ಬಹಳ ವರ್ಷ ಬೋಟಿನಲ್ಲಿ ಹೋದವರು.

“ಅಕ್ಕ, ನೀವು ಹೇಳಿದ ಆ ಕಪ್ಪು ಹಕ್ಕಿ, ಬೆನ್ನಲ್ಲಿ ಬಿಳಿ ಪಟ್ಟೆ. ಕಾಲು ಇಳಿಬಿಟ್ಟು ನೀರಿನ ಮೇಲೆ ನಡೆದ ಹಾಗೆ ಮಾಡ್ತದಾ?”

“ಹೌದು. ರೆಕ್ಕೆ ಎತ್ತಿ ಕುಣಿದ ಹಾಗೆ.”

“ಹಾಗಾದ್ರೆ ನಾವು ನೋಡಿದ್ದೇವೆ ಮಾರಾಯ್ರೆ. ಮೇ ತಿಂಗಳ ಕೊನೆಗೆ, ಬೋಟ್ ಬಂದಾಗುವ ಮೊದಲು. ನಾವು ಅದನ್ನು ಗುಬ್ಬಿ ಅಂದುಕೊಂಡಿದ್ವಿ. ಪಾಪ, ಊರಿನ ಗುಬ್ಬಿ ದಾರಿ ತಪ್ಪಿ ಇಷ್ಟು ದೂರ ಬಂದಿದೆ ಅಂತ ತಂಡೇಲರು, ಬೋಟ್ ನಡೆಸುವವರು, ಅನ್ನ ಹಾಕಿಸ್ತಿದ್ರು.”

“ತಿಂದವಾ?”

“ಎಲ್ಲಿ! ಅನ್ನ ಮೂಸಿಯೂ ನೋಡ್ಲಿಲ್ಲ. ಮೀನು ತೊಳೆದ ನೀರು ಚೆಲ್ಲಿದ ಕೂಡ್ಲೇ ಹತ್ತಿಪ್ಪತ್ತು ಬಂದವು, ಎಲ್ಲಿಂದ ಬಂದವೋ.”